ಊಟ ಬಿಟ್ಟ ಆಮೆಗೆ ಮೊದಲು ಬೇಕಾದದ್ದು ಊಟವಲ್ಲ

(ಬೆಂಗಳೂರಿನಲ್ಲಿ ಸಾಕುಪ್ರಾಣಿ ಪ್ರಿಯರ ಎದುರು ಪಶುವೈದ್ಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಕೆಲವು ಭಾಗಗಳನ್ನೂ ಸೇರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ.

ನಾಯಿ ಒಂದು ಹೊತ್ತು ಊಟ ಬಿಟ್ಟರೆ ಮನೆಯವರು ಅಂದೇ ಸಂಜೆ ಆಸ್ಪತ್ರೆಗೆ ಕರೆತರುತ್ತಾರೆ. ಬೆಕ್ಕಾದರೆ ಮರುದಿನ. ಆಮೆ ಊಟ ಬಿಟ್ಟರೆ ಮಾತ್ರ ತಿಂಗಳು ಕಳೆದ ಮೇಲೆ ಫೋನ್ ಬರುತ್ತದೆ: ‘ಡಾಕ್ಟರೇ, ಇವನು ಏನೂ ಮುಟ್ಟುತ್ತಿಲ್ಲ. ಏನು ಕೊಡಲಿ?’ ನಾನು ‘ತೊಟ್ಟಿಯ ನೀರು ಎಷ್ಟು ಡಿಗ್ರಿ ಇದೆ?’ ಎಂದು ಕೇಳುತ್ತೇನೆ. ಆ ಕಡೆ ಮಾತಿಲ್ಲ. ಕೆಲವರಿಗೆ ಸಿಟ್ಟೂ ಬರುತ್ತದೆ. ಊಟದ ವಿಷಯ ಕೇಳಿದರೆ ಈ ಮನುಷ್ಯ ನೀರಿನ ವಿಷಯ ಎತ್ತುತ್ತಾನಲ್ಲ ಎಂದು. ಆ ಸಿಟ್ಟಿಗೆ ಉತ್ತರವೇ ಇವತ್ತಿನ ನನ್ನ ಮಾತು. ಆಮೆ ಊಟ ಬಿಟ್ಟಾಗ ತಟ್ಟೆಯನ್ನು ಪಕ್ಕಕ್ಕಿಡಿ. ಮೊದಲು ಕಾವು, ಆಮೇಲೆ ನೀರು, ಅನ್ನಾಹಾರ ಎಲ್ಲಕ್ಕಿಂತ ಕೊನೆಗೆ. ಈ ಸರದಿಯನ್ನು ತಿರುವುಮುರುವು ಮಾಡಿದ್ದರಿಂದ ಸತ್ತ ಆಮೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ, ಅದೂ ಬಹಳ ಅಕ್ಕರೆಯಿಂದ ಸಾಕಿದವರ ಮನೆಗಳಲ್ಲಿ.

ಯಾವ ಆಮೆಯ ಮಾತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಈಗಷ್ಟೇ ಕೈ ಎತ್ತಿಸಿದಾಗ ಗೊತ್ತಾಯಿತು, ಇಲ್ಲಿರುವ ಹೆಚ್ಚಿನವರ ಮನೆಯಲ್ಲಿರುವುದು ನೀರಿನ ಆಮೆ. ಕಣ್ಣಿನ ಹಿಂದೆ ಕೆಂಪು ಪಟ್ಟಿಯಿರುವ ರೆಡ್ ಇಯರ್ಡ್ ಸ್ಲೈಡರ್. ಅಮೆರಿಕದ ಮಿಸಿಸಿಪಿ ನದಿಯ ಸೀಮೆಯದು. ಅಂಗಡಿಯಲ್ಲಿ ಅಂಗೈಯೊಳಗೆ ಅಡಗುವಷ್ಟಿರುತ್ತದೆ. ಪ್ಲಾಸ್ಟಿಕ್ ತೆಂಗಿನ ಮರ ನೆಟ್ಟ ಒಂದು ದುಂಡು ಡಬ್ಬಿಯ ಸಮೇತ ಕೊಡುತ್ತಾರೆ. ಹೆಣ್ಣಾದರೆ ಬೆಳೆದು ಒಂದಡಿಯ ಹತ್ತಿರ ಬರುತ್ತದೆ, ಮೂವತ್ತು ವರ್ಷ ಬದುಕಬಲ್ಲದು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಇನ್ನು ಕೆಲವರು ತೋಟದ ಮನೆಗಳಲ್ಲಿ ಸುಲ್ಕಾಟಾ ಎಂಬ ನೆಲದ ಆಮೆಯನ್ನು ಸಾಕಿದ್ದೀರಿ. ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿ ಹುಲ್ಲು ಮೇಯುವ ಪ್ರಾಣಿ ಅದು. ದೊಡ್ಡದಾದರೆ ನಲವತ್ತು ಐವತ್ತು ಕಿಲೋ ತೂಗುತ್ತದೆ. ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿರುವ ಇಂತಹ ವಿದೇಶಿ ಪ್ರಾಣಿಗಳನ್ನು ಸಾಕುವವರು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯ ನಂತರ ನೋಂದಣಿ ಮಾಡಿಸಬೇಕು. ಮಾಡಿಸಿರದಿದ್ದರೆ ವಿಚಾರಿಸಿ.

ನಕ್ಷತ್ರ ಆಮೆಯ ಬಗ್ಗೆ ಒಂದೇ ಮಾತು. ಹಿಂದಿನ ಸಾಲಿನಲ್ಲಿ ಯಾರೋ ಕೈ ಎತ್ತಲು ಹೋಗಿ ಇಳಿಸಿಕೊಂಡರು, ಯಾಕೆಂದು ಊಹಿಸಬಲ್ಲೆ. ವಾಸ್ತುವಿಗೆ, ಅದೃಷ್ಟಕ್ಕೆ ಎಂದು ಅದನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದು ಊಟ ಬಿಟ್ಟಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸುವುದೇ ಅದಕ್ಕೆ ನೀವು ಮಾಡಬಹುದಾದ ಉಪಕಾರ.

ಈಗ ಕಾವಿಗೆ ಬರೋಣ. ಆಮೆ ತನ್ನ ಮೈಬಿಸಿಯನ್ನು ತಾನೇ ಉಂಟುಮಾಡಿಕೊಳ್ಳಲಾರದು. ಸುತ್ತಲಿನ ಗಾಳಿ, ನೀರು, ಬಿಸಿಲು ಎಷ್ಟು ಕೊಡುತ್ತವೋ ಅಷ್ಟೇ. ಕರುಳು ಆಡುವುದು, ಜೀರ್ಣರಸ ಒಸರುವುದು, ಸೋಂಕಿನ ವಿರುದ್ಧ ಮೈ ಹೋರಾಡುವುದು, ನಾವು ಚುಚ್ಚಿದ ಔಷಧ ಕೆಲಸ ಮಾಡುವುದು ಎಲ್ಲವೂ ಆ ಕಾವನ್ನೇ ನಂಬಿಕೊಂಡಿವೆ. ಮೈ ತಣ್ಣಗಿರುವ ಆಮೆಯ ಹೊಟ್ಟೆಗೆ ಊಟ ಸೇರಿಸುವುದೆಂದರೆ ಒಲೆ ಹಚ್ಚದೆ ಪಾತ್ರೆಗೆ ಅಕ್ಕಿ ನೀರು ಹಾಕಿಟ್ಟಂತೆ. ಬೇಯುವುದಿಲ್ಲ, ಬಿಟ್ಟರೆ ಹುಳಿ ಬಂದು ನಾರುತ್ತದೆ. ಆಮೆ ಅದನ್ನು ಬಲ್ಲದು, ಅದಕ್ಕೇ ಬಾಯಿ ಬಿಗಿದುಕೊಳ್ಳುತ್ತದೆ.

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಇಲ್ಲಿನ ಉಷ್ಣಾಂಶ 15-16 ಡಿಗ್ರಿಗೆ ಇಳಿಯುತ್ತದೆ. ಬಾಲ್ಕನಿಯಲ್ಲೋ ತಣ್ಣನೆಯ ಟೈಲ್ಸ್ ನೆಲದ ಮೇಲೋ ಇಟ್ಟ ತೊಟ್ಟಿಯ ನೀರು ಹಗಲಿನಲ್ಲೂ 20ರ ಆಸುಪಾಸಿನಲ್ಲೇ ಉಳಿಯುತ್ತದೆ. ಸ್ಲೈಡರ್‌ಗೆ ಬೇಕಾದದ್ದು 24ರಿಂದ 27. ಹಾಗಾಗಿ ಚಳಿಗಾಲದಲ್ಲಿ ನನಗೆ ಬರುವ ‘ಊಟ ಬಿಟ್ಟಿದೆ’ ಎಂಬ ದೂರುಗಳಲ್ಲಿ ದೊಡ್ಡ ಪಾಲು ಕಾಯಿಲೆಯೇ ಅಲ್ಲ, ಬರೀ ಚಳಿ. ಮಂಗಳೂರಿನ ಕಡೆಯಿಂದ ಅದೇ ತಿಂಗಳಲ್ಲಿ ಈ ದೂರು ಬರುವುದು ಅಪರೂಪ. ಸಾವಿರಾರು ರೂಪಾಯಿಯ ಫಿಲ್ಟರ್ ಕೊಂಡವರ ಮನೆಯಲ್ಲೂ ಒಂದು ಥರ್ಮಾಮೀಟರ್ ಇರುವುದಿಲ್ಲ. ಕೈ ಅದ್ದಿ ‘ಬೆಚ್ಚಗೇ ಇದೆ’ ಎನ್ನುತ್ತಾರೆ. ಕೈ ಅದ್ದುವುದು ಲೆಕ್ಕಕ್ಕಿಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಥರ್ಮಾಮೀಟರ್ ಅಗ್ಗವಾಗಿಯೇ ಸಿಗುತ್ತದೆ. ಹೀಟರ್ ಕೂಡ ಅಲ್ಲೇ. ಹೀಟರ್‌ಗೆ ಪ್ಲಾಸ್ಟಿಕ್ ಕವಚ ಇರಲಿ, ಇಲ್ಲದಿದ್ದರೆ ಆಮೆ ಗುದ್ದಿ ಗಾಜು ಒಡೆಯುತ್ತದೆ. ನೀರಿನಿಂದ ಹೊರಗೆ ಮೈ ಪೂರ್ತಿ ಒಣಗಿಸಿಕೊಳ್ಳಲು ಒಂದು ಇಟ್ಟಿಗೆಯೋ ಮರದ ತುಂಡೋ ಬೇಕು, ಅದರ ಮೇಲೆ ದೀಪ ಬಿದ್ದು 30-32 ಡಿಗ್ರಿ ಇರಬೇಕು. ಸುಲ್ಕಾಟಾ ಇಟ್ಟುಕೊಂಡವರು ಒಂದು ಮೂಲೆಯಲ್ಲಿ 35 ಡಿಗ್ರಿಯ ಮೇಲಿರುವಂತೆ, ಇನ್ನೊಂದು ಮೂಲೆ ತಂಪಾಗಿರುವಂತೆ ನೋಡಿಕೊಳ್ಳಿ. ಎಲ್ಲಿ ಕೂರಬೇಕೆಂದು ಅದೇ ತೀರ್ಮಾನಿಸಲಿ.

ಬೆಳಕಿನ ವಿಷಯದಲ್ಲಿ ಎಲ್ಲರೂ ಎಡವುವುದು ಕಿಟಕಿಯ ಹತ್ತಿರ. ‘ದಿನವೂ ಬಿಸಿಲು ಬೀಳುವ ಕಿಟಕಿಯ ಪಕ್ಕದಲ್ಲೇ ಇಟ್ಟಿದ್ದೇವೆ’ ಎನ್ನುತ್ತಾರೆ. ಗಾಜು ಬೆಳಕನ್ನು ಬಿಡುತ್ತದೆ, ಆಮೆಗೆ ಬೇಕಾದ ಅತಿನೇರಳೆ ಬಿ ಕಿರಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಕಿರಣವಿಲ್ಲದೆ ಚರ್ಮದಲ್ಲಿ ಡಿ3 ಜೀವಸತ್ವ ಹುಟ್ಟದು, ಅದಿಲ್ಲದೆ ತಿಂದ ಸುಣ್ಣದ ಅಂಶ ಮೈಗೆ ಹಿಡಿಯದು. ಚಿಪ್ಪು ಮೆತ್ತಗಾಗುತ್ತದೆ, ದವಡೆಗೆ ಬಲವಿರುವುದಿಲ್ಲ, ಕಚ್ಚಿದರೆ ನೋಯುತ್ತದೆ, ಕಚ್ಚುವುದನ್ನೇ ಬಿಡುತ್ತದೆ. ಆ ಕಿರಣ ಬೀರುವ ಯುವಿಬಿ ದೀಪ ಹಾಕಿದ್ದರೂ ಅದು ಉರಿಯುತ್ತಿದೆ ಎಂದು ಸುಮ್ಮನಿರಬೇಡಿ. ಕಣ್ಣಿಗೆ ಕಾಣುವ ಬೆಳಕು ಹಾಗೇ ಇದ್ದರೂ ಆರು ತಿಂಗಳಿಂದ ಒಂದು ವರ್ಷದೊಳಗೆ ಆ ಕಿರಣದ ಬಲ ಕುಗ್ಗುತ್ತದೆ. ನಮ್ಮ ಊರಿನಲ್ಲಿ ದೀಪಕ್ಕಿಂತ ಬೆಳಗಿನ ಬಿಸಿಲೇ ಸುಲಭ. ತಾರಸಿಯ ಮೇಲೆ ಅರ್ಧ ಗಂಟೆ ಬಿಡಿ, ಅರ್ಧ ಭಾಗಕ್ಕೆ ನೆರಳಿರಲಿ, ನೀವೂ ಅಲ್ಲೇ ಇರಿ. ನೆರಳಿಲ್ಲದ ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಸಿಲಿಗಿಟ್ಟು ಫೋನ್ ಬಂತೆಂದು ಒಳಗೆ ಹೋದರೆ ಮುಗಿಯಿತು. ಬೇಯುವುದಕ್ಕೆ ಹೆಚ್ಚು ಹೊತ್ತು ಬೇಡ. ಹದ್ದು, ಕಾಗೆಗಳ ಮಾತು ಬೇರೆ.

ಎರಡನೆಯದು ನೀರು. ಊಟ ಬಿಟ್ಟ ನೆಲದ ಆಮೆ ಬಹುಮಟ್ಟಿಗೆ ನೀರನ್ನೂ ಬಿಟ್ಟಿರುತ್ತದೆ. ಬಟ್ಟಲಿನಲ್ಲಿ ನೀರಿಟ್ಟರೆ ಸಾಲದು. ಅಗಲವಾದ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು, 30 ಡಿಗ್ರಿಯ ಆಸುಪಾಸು, ತಲೆ ತಗ್ಗಿಸಿದರೂ ಮೂಗು ಮುಳುಗದಷ್ಟೇ ಆಳ. ದಿನಕ್ಕೊಮ್ಮೆ ಇಪ್ಪತ್ತು ನಿಮಿಷ ಕೂರಿಸಿ, ನೀರು ಆರಿದರೆ ಬದಲಿಸಿ. ಮೊದಲ ಐದು ನಿಮಿಷ ಕಲ್ಲಿನಂತೆ ಕೂರುತ್ತದೆ. ಆಮೇಲೆ ಕುತ್ತಿಗೆ ಒಂದಿಷ್ಟು ಹೊರಗೆ ಬರುತ್ತದೆ, ಮೂತಿ ನೀರಿಗೆ ಇಳಿಯುತ್ತದೆ, ಗಂಟಲಿನ ಕೆಳಗಿನ ತೊಗಲು ಮೆಲ್ಲಗೆ ಏರಿ ಇಳಿಯಲು ಶುರುವಾಗುತ್ತದೆ. ಅದು ನೀರು ಕುಡಿಯುತ್ತಿರುವ ಗುರುತು. ಎಷ್ಟೋ ದಿನಗಳ ಬಾಯಾರಿಕೆಯಿದ್ದರೆ ಬಹಳ ಹೊತ್ತು ಹಾಗೇ ಕುಡಿಯುತ್ತದೆ, ಆಗ ಅಲುಗಾಡಿಸಬೇಡಿ. ಹಲವು ಬಾರಿ ಅಲ್ಲೇ ಮಲಮೂತ್ರವೂ ಆಗುತ್ತದೆ. ಮೂತ್ರದೊಂದಿಗೆ ಬರುವ ಬಿಳಿಯ ಪದಾರ್ಥವನ್ನು ಬೆರಳಿನಲ್ಲಿ ತಿಕ್ಕಿ ನೋಡಿ, ಹೇಸಿಗೆ ಪಡಬೇಡಿ. ನುಣ್ಣಗೆ, ತೆಳ್ಳಗಿದ್ದರೆ ಸರಿ. ಮರಳು ಮರಳಾಗಿ ಕೈಗೆ ಸಿಕ್ಕರೆ ಒಳಗೆ ನೀರು ಸಾಲದು ಎಂದು ಅರ್ಥ. ಹಾಗೇ ಬಿಟ್ಟರೆ ಮೂತ್ರಕೋಶದಲ್ಲಿ ಕಲ್ಲು ಕಟ್ಟುತ್ತದೆ, ಕಲ್ಲಿದ್ದರೆ ಮತ್ತೆ ಊಟ ಸೇರದು. ನೋಡಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯಿರಿ. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಮಕ್ಕಳಿಗೆ ಅದರಿಂದ ಕಾಯಿಲೆ ಹರಡುತ್ತದೆಂದೇ ಅಮೆರಿಕದಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಿದರು. ಅಡುಗೆಮನೆಯ ಸಿಂಕಿನಲ್ಲಿ ಮಾತ್ರ ಸ್ನಾನ ಮಾಡಿಸಬೇಡಿ.

ನೀರಿನ ಆಮೆಗೆ ನೀರಿನ ಕೊರತೆಯೇ ಇಲ್ಲವಲ್ಲ ಎನ್ನುತ್ತೀರಿ. ಇದೆ, ಬೇರೆ ರೀತಿಯಲ್ಲಿ. ತೊಟ್ಟಿ ಗಲೀಜಾಗುತ್ತದೆಂದು ಸ್ಲೈಡರನ್ನು ಹೊರಗೆ ತೆಗೆದು, ವೃತ್ತಪತ್ರಿಕೆಯ ಮೇಲೆ ಕೂರಿಸಿ ಊಟ ಕೊಡುವವರಿದ್ದಾರೆ. ಅದು ತುತ್ತು ನುಂಗಬೇಕಾದರೆ ಬಾಯೊಳಗೆ ನೀರು ಬೇಕು. ತುತ್ತನ್ನು ಗಂಟಲಿಗೆ ತಳ್ಳುವುದೇ ನೀರು. ನೆಲದ ಮೇಲೆ ಕಚ್ಚಿದರೂ ನುಂಗಲಾರದೆ ಉಗುಳುತ್ತದೆ. ‘ಕಚ್ಚುತ್ತದೆ, ಬಿಡುತ್ತದೆ, ಹಸಿವಿಲ್ಲ’ ಎಂದು ಬರೆದುಕೊಂಡು ಬರುತ್ತಾರೆ! ಗಲೀಜು ಬೇಡವೆಂದರೆ ಬೇರೊಂದು ಟಬ್ಬಿನಲ್ಲಿ ನೀರು ತುಂಬಿಸಿ ಅಲ್ಲಿ ಊಟ ಕೊಡಿ.

ಕಾವು, ನೀರು ಎರಡನ್ನೂ ಸರಿಪಡಿಸಿದ ಮೇಲೆ ಆಮೆಯನ್ನು ಎದುರಿಗಿಟ್ಟುಕೊಂಡು ನೋಡಿ. ಕಣ್ಣುರೆಪ್ಪೆ ಊದಿ ಮುಚ್ಚಿಕೊಂಡಿದೆಯೇ? ವರ್ಷಗಟ್ಟಲೆ ಬರೀ ಒಣ ಸೀಗಡಿ ತಿಂದ ಸ್ಲೈಡರ್‌ಗಳಲ್ಲಿ ಎ ಜೀವಸತ್ವದ ಕೊರತೆಯಿಂದ ಹೀಗಾಗುತ್ತದೆ. ಮನೆಯವರು ‘ನಿದ್ದೆ ಜಾಸ್ತಿಯಾಗಿದೆ’ ಎಂದುಕೊಳ್ಳುತ್ತಾರೆ. ಕಣ್ಣು ಕಾಣದಿದ್ದರೆ ಊಟ ಹುಡುಕುವುದು ಹೇಗೆ? ಮೂಗಿನಲ್ಲಿ ಗುಳ್ಳೆ ಬರುತ್ತಿದೆಯೇ, ಬಾಯಿ ತೆರೆದು ಉಸಿರಾಡುತ್ತಿದೆಯೇ? ನೀರಿನಲ್ಲಿ ಒಂದು ಪಕ್ಕಕ್ಕೆ ವಾಲಿ ತೇಲುತ್ತಿದೆಯೇ? ಅದು ನ್ಯುಮೋನಿಯಾ ಇರಬಹುದು, ಅಂದೇ ವೈದ್ಯರಿಗೆ ತೋರಿಸಿ. ಮೇಲಿನ ಕೊಕ್ಕು ಬೆಳೆದು ಕೆಳಗೆ ಬಾಗಿದ್ದರೆ ಅದನ್ನು ತಿದ್ದಿಸಬೇಕು. ತೊಟ್ಟಿಯ ತಳಕ್ಕೆ ಹಾಕಿದ ಬಣ್ಣದ ಕಲ್ಲುಗಳು ಕಡಿಮೆಯಾಗಿವೆಯೇ ನೋಡಿ. ಆಮೆಯ ಹೊಟ್ಟೆಯೊಳಗೆ ಇರಬಹುದು. ಎರಡು ಆಮೆಗಳಿದ್ದರೆ ಒಂದು ಇನ್ನೊಂದನ್ನು ಊಟದ ಹತ್ತಿರ ಬಿಟ್ಟುಕೊಳ್ಳುತ್ತಿಲ್ಲವೇ ಎಂದು ದೂರ ನಿಂತು ಗಮನಿಸಿ.

ಒಂದು ಸಂಗತಿಯನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅದನ್ನು ಯಾರೂ ನಂಬುವುದಿಲ್ಲ. ಅಪಾರ್ಟ್‌ಮೆಂಟ್ ಒಂದರಿಂದ ಒಬ್ಬ ತಾಯಿ ಮತ್ತು ಮಗಳು ತಮ್ಮ ಸ್ಲೈಡರನ್ನು ತಂದಿದ್ದರು. ತೊಟ್ಟಿ ಸ್ವಚ್ಛ, ಹೀಟರ್ ಇದೆ, ದೀಪ ಇದೆ, ಊಟವೂ ಒಳ್ಳೆಯದೇ. ಆದರೂ ವಾರಗಳಿಂದ ಏನೂ ತಿಂದಿಲ್ಲ. ‘ರಾತ್ರಿಯಿಡೀ ಗಾಜನ್ನು ಕೆರೆಯುತ್ತದೆ ಸರ್, ಹಿಂಗಾಲಿನಿಂದ’ ಎಂದಳು ಮಗಳು. ‘ಮೊಟ್ಟೆ ಇರಬಹುದು’ ಎಂದೆ. ತಾಯಿ ನಕ್ಕುಬಿಟ್ಟರು. ‘ಸಾಧ್ಯವೇ ಇಲ್ಲ ಡಾಕ್ಟರೇ. ಮರಿಯಾಗಿದ್ದಾಗಿನಿಂದ ಒಂಟಿಯಾಗಿಯೇ ಬೆಳೆದಿದೆ, ಗಂಡಿನ ಮುಖವನ್ನೇ ನೋಡಿಲ್ಲ.’ ಎಕ್ಸ್‌ರೇ ತೆಗೆಸಿದೆವು. ಚಿಪ್ಪಿನ ನೆರಳಿನೊಳಗೆ ಉದ್ದುದ್ದನೆಯ ಮೊಟ್ಟೆಗಳ ಅಂಚು ಒಂದರ ಮೇಲೊಂದು ಸ್ಪಷ್ಟವಾಗಿ ಕಾಣುತ್ತಿತ್ತು. ತಾಯಿ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

ಕೋಳಿಯ ಹಾಗೆಯೇ, ಗಂಡಿಲ್ಲದಿದ್ದರೂ ಹೆಣ್ಣಾಮೆ ಮೊಟ್ಟೆ ಕಟ್ಟುತ್ತದೆ, ಮರಿಯಾಗುವುದಿಲ್ಲ ಅಷ್ಟೇ. ಮೊಟ್ಟೆ ತುಂಬಿದ ಹೊಟ್ಟೆಯಲ್ಲಿ ಊಟಕ್ಕೆ ಜಾಗವಿರುವುದಿಲ್ಲ. ಜೊತೆಗೆ ಅದು ಮೊಟ್ಟೆಯನ್ನು ನೀರಿನಲ್ಲಿ ಇಡಲು ಇಷ್ಟಪಡುವುದಿಲ್ಲ, ಮಣ್ಣು ಅಗೆಯಬೇಕು. ಮೂರನೇ ಮಹಡಿಯ ಫ್ಲಾಟಿನಲ್ಲಿ ಮಣ್ಣು ಎಲ್ಲಿದೆ? ಜಾಗ ಸಿಗದೆ ಮೊಟ್ಟೆಯನ್ನು ತಡೆದು ಹಿಡಿಯುತ್ತದೆ, ಹಿಡಿದಷ್ಟೂ ಅಪಾಯ. ಅವರಿಗೆ ನಾನು ಹೇಳಿದ್ದು ಔಷಧವನ್ನಲ್ಲ, ಮರಳನ್ನು. ದೊಡ್ಡ ಟಬ್ಬಿನಲ್ಲಿ ಒದ್ದೆ ಮರಳು, ಮಣ್ಣು ಬೆರೆಸಿ ಆಮೆಯ ಉದ್ದದಷ್ಟಾದರೂ ಆಳಕ್ಕೆ ತುಂಬಿಸಿ, ಬೆಚ್ಚಗಿಟ್ಟು, ಕೋಣೆಯ ದೀಪ ಆರಿಸಿ, ಯಾರೂ ಇಣುಕದೆ ಬಿಡುವುದು. ಅವರ ಆಮೆ ಅಗೆದು ಮೊಟ್ಟೆ ಇಟ್ಟಿತು, ಆಮೇಲೆ ಊಟಕ್ಕೂ ಬಂತು. ಎಲ್ಲ ಆಮೆಗಳೂ ಹೀಗೆ ಸುಲಭವಾಗಿ ಇಡುವುದಿಲ್ಲ. ಕೆಲವಕ್ಕೆ ಕ್ಯಾಲ್ಸಿಯಂ ಮತ್ತು ಮೊಟ್ಟೆಯನ್ನು ಹೊರತಳ್ಳಿಸುವ ಆಕ್ಸಿಟೋಸಿನ್ ಚುಚ್ಚುಮದ್ದು ಬೇಕಾಗುತ್ತದೆ, ಕೆಲವಕ್ಕೆ ಶಸ್ತ್ರಚಿಕಿತ್ಸೆಯೇ. ಮೊಟ್ಟೆ ಒಡೆದಿದೆಯೋ, ವಿಕಾರವಾಗಿದೆಯೋ ಎಂದು ಎಕ್ಸ್‌ರೇ ನೋಡದೆ ಆಕ್ಸಿಟೋಸಿನ್ ಕೊಡಬಾರದು.

ಮಾಡಬಾರದ ಕೆಲಸಗಳಿಗೆ ಬರುತ್ತೇನೆ. ಇಲ್ಲಿ ನನ್ನ ದನಿ ಸ್ವಲ್ಪ ಏರಿದರೆ ಕ್ಷಮಿಸಿ. ಆಮೆಯ ಬಾಯಿಯನ್ನು ಚಮಚದಿಂದ ಮೀಟಿ ತೆರೆಯಬೇಡಿ. ಅದರ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲೇ ಇದೆ. ಎದೆ ಹೊಟ್ಟೆಗಳ ನಡುವೆ ನಮಗಿರುವ ವಪೆ ಎಂಬ ಸ್ನಾಯುವಿನ ಪರದೆ ಅದಕ್ಕಿಲ್ಲ, ಜೋರಾಗಿ ಕೆಮ್ಮಿ ಹೊರಹಾಕುವ ಶಕ್ತಿಯಿಲ್ಲ. ಸಿರಿಂಜಿನಿಂದ ಬಾಯಿಗೆ ಬಿಟ್ಟ ಗಂಜಿ, ಹಾಲು, ಗ್ಲೂಕೋಸ್ ನೀರು ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಉಳಿಯುತ್ತದೆ. ಬಹಳ ದಿನ ಉಪವಾಸವಿದ್ದ ಪ್ರಾಣಿಗೆ ಒಮ್ಮೆಲೇ ಹೊಟ್ಟೆ ತುಂಬಿಸಿದರೆ ರಕ್ತದ ಲವಣಗಳು ಏರುಪೇರಾಗಿ ಊಟದಿಂದಲೇ ಸಾಯುವುದೂ ಉಂಟು. ಅನಿವಾರ್ಯವಾದಾಗ ವೈದ್ಯರು ಕುತ್ತಿಗೆಯ ಪಕ್ಕದಿಂದ ಅನ್ನನಾಳಕ್ಕೆ ನಳಿಕೆ ಹಾಕುತ್ತಾರೆ. ನೋಡಲು ಭಯವಾಗುತ್ತದೆ, ಆದರೆ ಆಮೆ ಅದನ್ನು ಸಹಿಸಿಕೊಳ್ಳುತ್ತದೆ, ನಳಿಕೆ ಇರುವಾಗಲೇ ತಾನಾಗಿ ತಿನ್ನಲೂ ಶುರುಮಾಡಬಹುದು.

ಜಂತುಹುಳುವಿನ ಔಷಧ. ನಾಯಿಗೆ, ದನಕ್ಕೆ, ಕುರಿಗೆ ಕೊಡುವ ಐವರ್ಮೆಕ್ಟಿನ್ ಆಮೆಗೆ ವಿಷ. ಕೈಕಾಲು ಸೋತು, ಉಸಿರು ನಿಂತು ಸಾಯುತ್ತದೆ. ಹಳ್ಳಿಯ ಕಡೆ ಮನೆಯಲ್ಲೇ ಬಾಟಲಿ ಇರುತ್ತದೆ, ‘ಒಂದು ಹನಿ ಏನು ಮಾಡೀತು’ ಎಂಬ ಧೈರ್ಯವೂ ಇರುತ್ತದೆ. ಬೇಡ. ಎ ಜೀವಸತ್ವದ ಚುಚ್ಚುಮದ್ದನ್ನೂ ಅಂದಾಜಿನ ಮೇಲೆ ಹಾಕಿಸಬೇಡಿ, ಹೆಚ್ಚಾದರೆ ಚರ್ಮ ಸುಲಿದು ಬೀಳುತ್ತದೆ.

ಇಷ್ಟೆಲ್ಲ ಆದ ಮೇಲೆ ಊಟ. ಸುಲ್ಕಾಟಾದಂತಹ ನೆಲದ ಆಮೆಯನ್ನು ಮತ್ತೆ ಊಟಕ್ಕೆ ಎಳೆಯಲು ನನ್ನ ಮೊದಲ ಅಸ್ತ್ರ ನಿಮ್ಮ ಅಂಗಳದಲ್ಲೇ ಇದೆ: ಕೆಂಪು ದಾಸವಾಳ. ಆಮೆಗಳಿಗೆ ಬಣ್ಣ ಕಾಣುತ್ತದೆ, ಕೆಂಪು ಹಳದಿಗೆ ಬೇಗ ಮರುಳಾಗುತ್ತವೆ. ಹೂವನ್ನು ಮೂತಿಯ ಮುಂದೆ ಇಟ್ಟು ದೂರ ಸರಿಯಿರಿ. ಹೂ ತಿಂದರೆ ಅದರ ಜೊತೆಗೆ ದಾಸವಾಳದ ಎಲೆ, ಹಿಪ್ಪುನೇರಳೆ ಸೊಪ್ಪು, ಆಮೇಲೆ ಗರಿಕೆ. ರೇಷ್ಮೆ ಬೆಳೆಯುವ ಊರಿನವರಿಗೆ ಹಿಪ್ಪುನೇರಳೆ ಸಿಗುವುದು ಕಷ್ಟವೇನಲ್ಲ. ತೋಟಕ್ಕೆ ಔಷಧ ಹೊಡೆದಿಲ್ಲವೆಂದು ಖಚಿತಪಡಿಸಿಕೊಂಡು ತನ್ನಿ. ಮುಳ್ಳು ತೆಗೆದ ಪಾಪಸುಕಳ್ಳಿಯಲ್ಲಿ ನೀರೂ ಇದೆ, ಸುಣ್ಣವೂ ಇದೆ. ಕಲ್ಲಂಗಡಿ, ಟೊಮೆಟೊ ಎಲ್ಲ ಆಸೆ ಹುಟ್ಟಿಸುವುದಕ್ಕೆ ಒಂದು ತುಂಡು ಸಾಕು. ಪಾಲಕ್ ದಿನವೂ ಬೇಡ, ಅದರಲ್ಲಿರುವ ಆಕ್ಸಲೇಟ್ ಸುಣ್ಣವನ್ನು ಕಟ್ಟಿಹಾಕುತ್ತದೆ. ಮೊಸರನ್ನ, ಬ್ರೆಡ್ಡು, ನಾಯಿಯ ಆಹಾರದ ವಿಷಯ ಕೇಳಲೇಬೇಡಿ. ಸ್ಲೈಡರ್‌ಗಾದರೆ ನೀರಿನಲ್ಲಿ ಹೊರಳಾಡುವ ಎರೆಹುಳುವಿನಷ್ಟು ರುಚಿ ಹತ್ತಿಸುವುದು ಬೇರೊಂದಿಲ್ಲ. ಅದು ತಿನ್ನಲು ಶುರುಮಾಡಿದ ಮೇಲೆ ಸಣ್ಣ ಇಡೀ ಮೀನು, ಪೆಲೆಟ್ ಎಂಬ ಒಳ್ಳೆಯ ಗುಳಿಗೆಯಾಕಾರದ ಸಿದ್ಧ ಆಹಾರ, ಬೆಳೆದ ಆಮೆಗೆ ಸೊಪ್ಪು.

ಕೈಯಾರೆ ತಿನ್ನಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪದಲ್ಲಿ, ಗವರ್ನರ್ ನಿವಾಸದ ಹುಲ್ಲುಹಾಸಿನ ಮೇಲೆ ಜೊನಾಥನ್ ಎಂಬ ದೈತ್ಯ ಆಮೆಯಿದೆ. 1882ರಲ್ಲಿ ಸೇಶೆಲ್ಸ್‌ನಿಂದ ಬಂದಾಗಲೇ ಅದು ಪೂರ್ತಿ ಬೆಳೆದಿತ್ತು. ಆ ಲೆಕ್ಕದಲ್ಲಿ ಹುಟ್ಟಿದ್ದು 1832ರ ಸುಮಾರಿಗೆ ಎಂದು ಅಂದಾಜು. ದ್ವೀಪದ ಪಶುವೈದ್ಯ ಜೋ ಹೋಲಿನ್ಸ್ ಗಮನಿಸಿದಾಗ ಅದು ಸೊರಗಿತ್ತು. ಕಣ್ಣು ಮಂಜಾಗಿತ್ತು, ವಾಸನೆ ತಿಳಿಯುತ್ತಿರಲಿಲ್ಲ, ಕೊಕ್ಕು ಮೊಂಡಾಗಿ ಮೆತ್ತಗಾಗಿತ್ತು. ಹುಲ್ಲಿನ ಮೇಲೆಯೇ ನಿಂತಿದ್ದರೂ ಹುಲ್ಲು ಕತ್ತರಿಸಲು ಆಗುತ್ತಿರಲಿಲ್ಲ. ತಿನ್ನದ ಕಾರಣ ಕೊಕ್ಕು ಇನ್ನಷ್ಟು ಮೆತ್ತಗಾಗುತ್ತಿತ್ತು. ಹೋಲಿನ್ಸ್ ಕೈಗೆ ದಪ್ಪ ಕೈಗವಸು ಹಾಕಿಕೊಂಡು ಕ್ಯಾರೆಟ್, ಸೌತೆ, ಸೇಬು, ಬಾಳೆಹಣ್ಣು ತಿನ್ನಿಸತೊಡಗಿದರು. ಪೋಷಣೆ ಸಿಕ್ಕಿದಂತೆ ಕೊಕ್ಕು ಮತ್ತೆ ಹರಿತವಾಯಿತು, ಆಮೆ ಮತ್ತೆ ಮೇಯತೊಡಗಿತು. 2022ರಲ್ಲಿ 190 ತುಂಬಿತೆಂದು ಗಿನ್ನೆಸ್‌ನವರು ದಾಖಲಿಸಿಕೊಂಡರು. ಅಲ್ಲಿ ಆ ವೈದ್ಯರು ಬಾಯಿ ಮೀಟಿ ತುರುಕಲಿಲ್ಲ. ಆಮೆಗೆ ಬೇಕಿತ್ತು, ಕಾಣುತ್ತಿರಲಿಲ್ಲ. ಇವರು ಬಾಯಿಯ ಹತ್ತಿರ ಹಿಡಿದರು.

ಪ್ರಶ್ನೆಗಳಿಗೆ ಬರೋಣ.

ಒಬ್ಬ ಹಿರಿಯರು ಕೇಳಿದರು: ‘ನನ್ನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅವರ ಮನೆಯ ಆಮೆ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಊಟವಿಲ್ಲದೆ ಮಲಗುತ್ತದಂತೆ. ನಮ್ಮದೂ ಹಾಗೆ ಮಲಗಬಾರದೇಕೆ?’ ಅವರ ಮನೆಯಲ್ಲಿರುವುದು ಹರ್ಮನ್ ಆಮೆ. ಯುರೋಪಿನ ಮೆಡಿಟರೇನಿಯನ್ ತೀರದ ಜಾತಿ. ಚಳಿನಿದ್ದೆ ಅದರ ಸ್ವಭಾವ. ಮಲಗುವ ಮೊದಲು ವಾರಗಳ ಕಾಲ ಊಟ ನಿಲ್ಲಿಸಿ ಕರುಳು ಖಾಲಿ ಮಾಡಿಸುತ್ತಾರೆ, ಆಮೇಲೆ 5 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತಾರೆ. ಅಲ್ಲಿ ಎಷ್ಟೋ ಜನ ಅದಕ್ಕೆಂದೇ ಫ್ರಿಜ್ ಇಟ್ಟುಕೊಂಡಿರುತ್ತಾರೆ. ಎದ್ದ ಮೇಲೆ ಬೆಚ್ಚಗಿನ ಸ್ನಾನ ಮಾಡಿಸಿ, ಒಂದು ವಾರದೊಳಗೆ ತಿನ್ನದಿದ್ದರೆ ವೈದ್ಯರಿಗೆ ತೋರಿಸಬೇಕೆಂದು ಮಗಳಿಗೆ ಹೇಳಿ. ಮಲಗಿದ್ದಾಗ ಹಿಮದ ಕೊರೆತಕ್ಕೆ ಸಿಕ್ಕಿ ಕಣ್ಣು ಹೋಗಿ ಊಟ ಬಿಡುವುದೂ ಅಲ್ಲಿ ಉಂಟು. ಸುಲ್ಕಾಟಾ ಚಳಿನಿದ್ದೆ ಮಾಡುವ ಜಾತಿಯೇ ಅಲ್ಲ. ಬೆಂಗಳೂರಿನ 20 ಡಿಗ್ರಿಯ ನೀರಿನಲ್ಲಿ ಸ್ಲೈಡರ್ ಮಲಗುವುದೂ ಇಲ್ಲ, ಎಚ್ಚರವಾಗಿಯೂ ಇರುವುದಿಲ್ಲ. ಊಟವಿಲ್ಲದೆ ಮೈಯಲ್ಲಿದ್ದ ಕೊಬ್ಬನ್ನು ಸುಡುತ್ತಾ ಕೂರುತ್ತದೆ.

ಇನ್ನೊಬ್ಬರು, ‘ಮನೆಯಲ್ಲಿ ಕೊರಗುತ್ತಿರಬೇಕು, ಕೆರೆಗೆ ಬಿಟ್ಟರೆ ತಾನೇ ಬೇಟೆಯಾಡಿ ತಿನ್ನುವುದಿಲ್ಲವೇ?’ ಎಂದರು. ದಯವಿಟ್ಟು ಬೇಡ. ಸ್ಲೈಡರ್ ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿರುವ ಪ್ರಾಣಿ. ಚೇತರಿಸಿಕೊಂಡರೆ ನಮ್ಮ ಕೆರೆಯ ಆಮೆಗಳ ಊಟಕ್ಕೂ ಬಿಸಿಲು ಕಾಯುವ ಜಾಗಕ್ಕೂ ಪೈಪೋಟಿಗಿಳಿಯುತ್ತದೆ, ತನ್ನ ಕಾಯಿಲೆಯನ್ನೂ ಹಂಚುತ್ತದೆ. ದೇವಸ್ಥಾನದ ಕಲ್ಯಾಣಿಗೂ ಬೇಡ.

ಕೊನೆಯ ಪ್ರಶ್ನೆ ಒಬ್ಬ ವಿದ್ಯಾರ್ಥಿನಿಯದು: ‘ಎಷ್ಟು ದಿನ ಕಾಯಬಹುದು?’ ಮರಿಯಾದರೆ ಮೂರು ನಾಲ್ಕು ದಿನ, ಅಷ್ಟೇ. ಬೆಳೆದ ಆಮೆಯಾದರೆ ಕಾವು, ನೀರು ಸರಿಪಡಿಸಿದ ಮೇಲೆ ಒಂದು ವಾರ ನೋಡಿ. ಬೆಳೆದ ಆಮೆ ವಾರಗಟ್ಟಲೆ ಉಪವಾಸ ತಡೆಯಬಲ್ಲದು, ಹಾಗೆಂದು ನಾವು ಅದನ್ನು ಪರೀಕ್ಷೆ ಮಾಡಬೇಕಾಗಿಲ್ಲ. ಅಡುಗೆಮನೆಯ ತಕ್ಕಡಿಯಂತಹದೇ ಒಂದನ್ನು ಆಮೆಗೆಂದು ಬೇರೆಯೇ ಇಟ್ಟುಕೊಂಡು ವಾರಕ್ಕೊಮ್ಮೆ ಗ್ರಾಂ ಲೆಕ್ಕದಲ್ಲಿ ತೂಗಿ ಬರೆದಿಡಿ. ತೂಕ ಇಳಿಯುತ್ತಿದ್ದರೆ ಒಂದು ವಾರವನ್ನೂ ಕಾಯಬೇಡಿ. ಆಸ್ಪತ್ರೆಗೆ ಬರುವಾಗ ಆಮೆಯನ್ನು ನೀರಿಲ್ಲದ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ ತನ್ನಿ, ಗಾಳಿಯಾಡಲು ತೂತಿರಲಿ. ಜೊತೆಗೆ ತೂಕ ಬರೆದ ಚೀಟಿ, ತೊಟ್ಟಿಯ ಫೋಟೋ, ಕೊಡುತ್ತಿದ್ದ ಆಹಾರದ ಪೊಟ್ಟಣ, ಸಿಕ್ಕರೆ ಆ ದಿನದ ಹಿಕ್ಕೆ ಒಂದು ಸಣ್ಣ ಡಬ್ಬಿಯಲ್ಲಿ. ನೀರಿನ ಡಿಗ್ರಿಯನ್ನು ಹೊರಡುವ ಮೊದಲು ನೋಡಿಕೊಂಡೇ ಬನ್ನಿ. ನಾನು ಕೇಳುವ ಮೊದಲ ಪ್ರಶ್ನೆ ಅದೇ.